ಟವೆಲ್ಲಿನ ಕೆಳಗೆ ಮೂರನೆಯ ಕೈ

ಮಹಾಂತಯ್ಯನಿಗೆ ಸೀರೆ ವ್ಯಾಪಾರ ಹೊಟ್ಟೆಪಾಡು, ವಿಚಾರಿಸುವುದು ಚಟ. ನಾರಾಯಣಪೇಟೆಯಿಂದ ಮಖ್ತಲ್, ಗದ್ವಾಲ ಎಂದು ಗಂಟು ಹೊತ್ತು ತಿರುಗಿ ನೆರೆಗೂದಲಾದವನು. ಬಸ್ಸಿನಲ್ಲಿ ಪಕ್ಕ ಕೂತವರ ಊರು, ಬೀಗರು, ಬೋರಿನ ಆಳ ಎಲ್ಲವನ್ನೂ ಅವರು ಇಳಿಯುವ ಮೊದಲೇ ತಿಳಿದುಕೊಂಡಿರುತ್ತಿದ್ದ.

ಕೇಳದೆ ಕೊಂಡದ್ದು ಜೀವಮಾನದಲ್ಲಿ ಒಂದೇ: ನೇಕಾರರ ಓಣಿಯ ಹಿಂದಿನ ಖಾಲಿ ಜಾಗ. ಸುತ್ತೆಲ್ಲ ಮನೆಗಳು ಎದ್ದಿದ್ದರೂ ಅದೊಂದು ಯಾಕೆ ಖಾಲಿ ಉಳಿಯಿತು ಎಂದು ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಸುದ್ದಿ ಹಬ್ಬಿ ಬೇರೆ ಸಾವುಕಾರರು ಮುಂದಾದಾರು ಎಂದು ಬಾಯಿ ಬಿಗಿಹಿಡಿದ. ಗೋದಾಮಿಗೆಂದು ಕೆಂಪು ಗರಸುಮಣ್ಣು ಸುರಿಸಿ ಎತ್ತರ ಮಾಡಿಸಿದ, ಪಾಯದ ಗುರುತೂ ಹಾಕಿಸಿದ.

ಆ ಮಳೆಗಾಲದ ಒಂದು ಜಡಿಮಳೆ ನಿಂತ ಬೆಳಿಗ್ಗೆ, ತಾನು ನೇಯಲು ಹೇಳಿದ್ದ ಮದುವೆ ಸೀರೆ ಎಲ್ಲಿಗೆ ಬಂತೆಂದು ನೋಡಲು ನೇಕಾರರ ಓಣಿಯ ಜೋಗಮ್ಮನ ಮನೆಗೆ ಹೋದ. ಅವಳದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಬೇಕು. ಆವತ್ತು ಅವಳು ಕುಣಿಗೆ ಇಳಿಬಿಟ್ಟಿದ್ದು ಕಾಲನ್ನಲ್ಲ, ಕೊಡವನ್ನು.

“ಮಾಳಗಿ ಸೋರಾಕತ್ತೈತೇನು ಜೋಗಮ್ಮಕ್ಕ?”

“ಮಾಳಗಿ ಗಟ್ಟಿ ಐತ್ರಿ. ನೀರು ಹಿತ್ತಲದಾಗಿಂದ ಬರಾಕತ್ತೈತಿ. ಓಣಿ ತುಂಬ ಹಿಂಗೇ. ಇನ್ನೊಂದು ಮಳಿ ಹಿಂಗಾದ್ರ ಮಗ್ಗದ ಕಟಗಿ ಉಬ್ಬಿ ಹೋಗ್ತಾವು. ಆಮ್ಯಾಲೆ ನಿಮ್ಮ ಸೀರಿ ನೀವೇ ನೇಯ್ಕೊಳ್ರಿ.”

ಮಹಾಂತಯ್ಯ ಬಗ್ಗಿ ನೋಡಿದ. ನೀರು ಕೆಂಪಗಿತ್ತು. ಓಣಿಯ ಮಣ್ಣೋ ಕಪ್ಪು. ಈ ಕೆಂಪನ್ನು ಎಲ್ಲೋ ಕಂಡಿದ್ದೇನಲ್ಲ ಎಂದುಕೊಳ್ಳುತ್ತ ಅದು ಬಂದ ದಾರಿ ಹಿಡಿದು ಹೊರಟ. ದಾರಿ ಸೀದಾ ಅವನ ಗರಸಿಗೇ ಮುಟ್ಟಿತು. ಕೆರೆ ತುಂಬಿದಾಗ ಹೆಚ್ಚಿನ ನೀರು ಆ ಜಾಗದ ಮೇಲೆ ಹಾದು ಹಳ್ಳ ಸೇರುತ್ತಿತ್ತು. ಈಗ ಗರಸಿಗೆ ಬಡಿದು ಓಣಿಯೊಳಕ್ಕೆ ಹೊರಳಿತ್ತು.

ಅಲ್ಲಿಗೇ ನಿಂತಿದ್ದರೆ ತಪ್ಪು ತನ್ನೊಬ್ಬನದೇ ಆಗುತ್ತಿತ್ತು. ಆದ್ದರಿಂದ ಇನ್ನೂ ಮೇಲೆ ನಡೆದ. ಕೆರೆಯ ಕೋಡಿಯ ಮೇಲೆ ಉಸುಕಿನ ಚೀಲ ಪೇರಿಸಿದ್ದರು. ಮಳೆಗೆ ಕೆಲವು ಜಾರಿ, ತಡೆದಿಟ್ಟ ನೀರೆಲ್ಲ ಒಮ್ಮೆಗೇ ಇಳಿದಿತ್ತು. ಉಳಿದ ಚೀಲಗಳ ಮೇಲೆ ರೈತ ಭೀಮಣ್ಣ ಬೀಡಿ ಸೇದುತ್ತ ಕೂತಿದ್ದ.

“ಕೋಡಿ ಮ್ಯಾಲ ಚೀಲ ಯಾಕಪಾ?”

“ಗದ್ದ್ಯಾಗಿನ ನೆಲ್ಲಿಗೆ ನೀರು ಬೇಕ್ರಿ. ನಿಮ್ಮ ಜಾಗದಾಗ ಗರಸು ಯಾಕ್ರಿ?”

“ಗೋದಾಮಿಗೆ ಬೇಕಪಾ.”

“ಹಂಗಾದ್ರ ಇಬ್ಬರೂ ಬೇಕನ್ನೋರೇ,” ಎಂದು ಭೀಮಣ್ಣ ಸರಿದು ಜಾಗ ಕೊಟ್ಟ.

ಮರುದಿನ ಓಣಿಯ ಬೇವಿನ ಕಟ್ಟೆಗೆ ಎಲ್ಲರೂ ಸೇರಿದರು. ಮೊದಲು ಸಾವುಕಾರರು ದಾರಿ ಬಿಡಲಿ ಎಂದು ಭೀಮಣ್ಣ, ಮೊದಲು ಅವನು ಚೀಲ ತೆಗೆಯಲಿ ಎಂದು ಮಹಾಂತಯ್ಯ. ಕಡೆಗೆ ಮಹಾಂತಯ್ಯ ಹೆಗಲ ಟವೆಲ್ ತೆಗೆದ. ದನದ ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸುವುದು ಹಾಗೆ: ಟವೆಲ್ಲಿನ ಕೆಳಗೆ ಬೆರಳು ಹಿಡಿದು, ನಿಂತವರಿಗೆ ಕಾಣದಂತೆ.

“ನೀರಿಗೆ ಬೆರಳಿಗೊಂದು ಮಾರು ದಾರಿ ಬಿಡ್ತೀನಿ,” ಎಂದ. “ಕುದುರಿದ್ರ ಮಳಿಗಾಲದಾಗ ಕೋಡಿ ಮ್ಯಾಲ ಚೀಲ ಇಡಂಗಿಲ್ಲ.”

ಕೈಗಳು ಟವೆಲ್ಲಿನೊಳಗೆ ಹೋದವು. ಕಣ್ಣು ಮಿಟುಕಿಸುವುದರೊಳಗೆ ಇಬ್ಬರ ಮುಖವೂ ಅರಳಿತು.

“ಇಷ್ಟು ಜಲ್ದಿ ಯಾವ ಎತ್ತೂ ಮಾರಾಟ ಆಗಿಲ್ಲ,” ಎಂದಳು ಜೋಗಮ್ಮ. ಎದ್ದು ಬಂದು ತನ್ನ ಕೈಯನ್ನೂ ಟವೆಲ್ಲಿನೊಳಗೆ ತೂರಿಸಿದಳು. ಹೆಂಗಸಿನ ಕೈ ಅಲ್ಲಿಗೆ ಬಂದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಗಂಡಸರು ನಕ್ಕರು. ಅವಳ ಕೈಗೆ ಸಿಕ್ಕಿದ್ದು ಮಹಾಂತಯ್ಯನ ಒಂದೇ ಬೆರಳು. ದಾರಿ ಕಿರಿದಾದರೆ ಭೀಮಣ್ಣನಿಗೇನೂ ನಷ್ಟವಿರಲಿಲ್ಲ.

“ಒಂದು ಮಾರಿನಾಗ ನನ್ನ ಕೋಳಿ ಹಾಯಂಗಿಲ್ಲ. ನೀರು ಹೊಕ್ಕಿದ್ದು ನನ್ನ ಕುಣಿಗೆ, ಬೆರಳು ಹಿಡಿಯೋರು ನೀವಿಬ್ಬರೇ ಏನು?”

ಅವಳು ಮಹಾಂತಯ್ಯನ ಇನ್ನೂ ಮೂರು ಬೆರಳು ಬಿಡಿಸಿದಳು. ನಾಲ್ಕು ಮಾರು ಹೋದರೆ ಗೋದಾಮು ನಡುಮಧ್ಯೆ ಸೀಳುತ್ತದೆ. ಅವನು ಕಿರುಬೆರಳು ಮಡಚಲು ನೋಡಿದ. ಅವಳದು ನೂಲು ಬಿಗಿದ ಕೈ, ಬಿಡಲಿಲ್ಲ. ಮಗ್ಗಗಳೇ ಹೋದರೆ ಗೋದಾಮಿನಲ್ಲಿ ಏನನ್ನು ತುಂಬುವುದು ಎಂಬ ಲೆಕ್ಕ ಅವನ ತಲೆಯಲ್ಲಿ ಆಗ ಓಡಿತು. ಬೆರಳು ಸಡಿಲ ಬಿಟ್ಟ.

ಭೀಮಣ್ಣ ಮೆಲ್ಲಗೆ ಕೈ ಎಳೆದುಕೊಳ್ಳುತ್ತಿದ್ದ. ಜೋಗಮ್ಮ ಅದನ್ನೂ ಹಿಡಿದಳು.

“ನೀ ಎಲ್ಲಿ ಹೊಂಟಿ ಭೀಮಣ್ಣ? ದಸರಾ ಮುಗದ ಮ್ಯಾಲ ಚೀಲ ಇಡು, ನಿನ್ನ ನೆಲ್ಲಿಗೂ ನೀರು ಬೇಕು. ಆದ್ರ ಇಡಾಗ, ತೆಗಿಯಾಗ ನಮ್ಮ ಓಣಿಯವರೂ ಬರ್ತಾರ.”

“ಆಯ್ತು ಬಿಡಬೇ, ಬೆರಳು ಮುರದೀತು,” ಎಂದ ಭೀಮಣ್ಣ.

ಗರಸು ತೆಗೆದು ಕಾಲುವೆ ಬಿಡಿಸಿದ್ದಾಯಿತು. ಗೋದಾಮು ಹೋಗಿ ಕಾಲುವೆಯ ಎರಡು ದಂಡೆಗೆ ಎರಡು ಸಣ್ಣ ಕೋಣೆ ಎದ್ದವು. ಮುಂದಿನ ದೊಡ್ಡ ಮಳೆ ಸುರಿಯುತ್ತಿದ್ದಾಗಲೇ ಮಹಾಂತಯ್ಯ ಕೊಡೆ ಹಿಡಿದು ಜೋಗಮ್ಮನ ಬಾಗಿಲಿಗೆ ಬಂದ. ಒಳಗೆ ಮಗ್ಗ ಸದ್ದು ಮಾಡುತ್ತಿತ್ತು.

“ಕುಣಿ?”

“ಒಣಾ ಐತ್ರಿ. ನಿಮ್ಮ ಗೋದಾಮು?”

“ನಡುವ ನೀರು ಹೊಳಿ ಹರದಂಗ ಹರಿಯಾಕತ್ತೈತಿ. ಈ ಕೋಣಿಯಿಂದ ಆ ಕೋಣಿಗೆ ಹಲಗಿ ಹಾಕೀನಿ.”

“ಸಾವುಕಾರ್ರ ಜಾಗಾ,” ಎಂದಳು ಜೋಗಮ್ಮ, ಕಾಲು ನಿಲ್ಲಿಸದೆ. “ನೀರಿಗೆ ಬಾಡಿಗಿ ಹಚ್ಚಬ್ಯಾಡ್ರಿ ಮತ್ತ.”