ತಂಗಿಯ ಮುಖಕ್ಕೆ ಅಣ್ಣನ ಕಣ್ಣು

ಮೊದಲು ಸಿಹಿ ಸುದ್ದಿ, ಆಮೇಲೆ ಉಳಿದ ಮಾತು. ನನ್ನ ಮೊಮ್ಮಗಳು ಪಲ್ಲವಿ ತೆಗೆದ ಫೋಟೋಗಳನ್ನು ಕೊಪ್ಪಳದ ಅವಳ ಕಾಲೇಜಿನ ಹಾಲ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ! ಕೆಳಗೆ ಅವಳ ಹೆಸರೂ ಇದೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಆ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಮೂರು ಸಲ ಓದಿದೆ. ಆಟೋದವನಿಗೂ ಪೇಡಾ ಕೊಟ್ಟೆ. (ಬಾಡಿಗೆ ಬದಲು ಪೇಡಾ ಅಂದುಕೊಂಡು ಪಾಪ ಗಾಬರಿಯಾದ.)

ಇದರಲ್ಲಿ ಜಗಳ ಎಲ್ಲಿಂದ ಬಂತು ಅಂತೀರಾ? ಬಂತು. ನಾನೇ ಆಡಿದೆ.

ಪಲ್ಲವಿಯ ತಾಯಿ ಗಿರಿಜಾ, ಅಂದರೆ ನನ್ನ ಮಗಳು, ತೀರಿಕೊಂಡಾಗ ಈ ಹುಡುಗಿಗೆ ನಾಲ್ಕು ವರ್ಷ. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು. ಸಿಕ್ಕಿದ್ದು ಒಂದೇ, ಪಲ್ಲವಿಯ ತೊಟ್ಟಿಲ ದಿನ ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡಿದ್ದು. ಅದರಲ್ಲಿ ಗಿರಿಜಾ ನಗುತ್ತಿದ್ದಳು. ಅವಳು ನಕ್ಕರೆ ಕಣ್ಣು ಪೂರಾ ಮುಚ್ಚಿಹೋಗುತ್ತಿದ್ದವು.

ಸತ್ತವಳ ಫೋಟೋದಲ್ಲಿ ಕಣ್ಣು ಮುಚ್ಚಿರಬಾರದಂತೆ, ಅಪಶಕುನವಂತೆ! ನನ್ನ ಮಗ ಬಸವರಾಜ ಸ್ಟುಡಿಯೋಕ್ಕೆ ಹೋಗಿ ಕಣ್ಣು ತೆರೆಸಿಕೊಂಡು ಬಂದ. ಹೌದು, ಸ್ಟುಡಿಯೋದವರು ಅದನ್ನೂ ಮಾಡುತ್ತಾರೆ. ಧೋತರದವನಿಗೆ ಕೋಟು ತೊಡಿಸುತ್ತಾರೆ, ಬೋಳು ತಲೆಗೆ ಕೂದಲು ಹಚ್ಚುತ್ತಾರೆ, ಮುಚ್ಚಿದ ಕಣ್ಣು ತೆರೆಸುತ್ತಾರೆ. ಗ್ಲಾಸು, ಮಾಲೆ, ಸಣ್ಣದೊಂದು ಕೆಂಪು ಬಲ್ಬು. ಗಿರಿಜಾ ಗೋಡೆ ಏರಿದಳು.

ಅದನ್ನು ನೋಡಿದರೆ ನನಗೆ ಅಳುವೇ ಬರುತ್ತಿರಲಿಲ್ಲ. ಹೆತ್ತವಳಿಗೆ ಅಳು ಬರದಿದ್ದರೆ ಏನನ್ನಬೇಕು? ತಪ್ಪು ನನ್ನದೇ ಅಂದುಕೊಂಡು ಹದಿನಾಲ್ಕು ವರ್ಷ ದೀಪ ಹಚ್ಚಿದೆ.

ಪಲ್ಲವಿ ನಮ್ಮಲ್ಲೇ ಬೆಳೆದಳು. ಈಗ ಫೋಟೋಗ್ರಫಿ ಕಲಿಯುತ್ತಾಳೆ. ಕ್ಯಾಮೆರಾ ಹಿಡಿದು ಮನೆಯೆಲ್ಲ ತಿರುಗುವುದು, ನನ್ನನ್ನು ಕೇಳುವುದು.

"ಅಜ್ಜಿ, ನಮ್ಮವ್ವ ಎಲ್ಲಿ ಕುಂದರ್ತಿದ್ಲು?"

"ಒಲಿ ಮುಂದ."

ಕ್ಲಿಕ್.

"ತಲಿ ಎಲ್ಲಿ ಬಾಚ್ಕೋತಿದ್ಲು?"

"ಆ ಕಿಟಕಿ ಹಂತ್ಯಾಕ. ಅಲ್ಲವಾ, ಮಂದಿ ಇಲ್ಲದ ಫೋಟೋ ಯಾರು ನೋಡ್ತಾರ?"

"ನಾ ನೋಡ್ತೀನಿ." ಕ್ಲಿಕ್.

ಒಂದು ಮಧ್ಯಾಹ್ನ ಗೋಡೆಯ ಫೋಟೋದ ಫೋಟೋ ತೆಗೆದು, ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಕೂಗಿದಳು, "ಅಜ್ಜಿ, ಬಾ ಇಲ್ಲೆ! ಅವ್ವನ ಹುಬ್ಬಿನ ಮ್ಯಾಲೆ ಗಾಯ ಇತ್ತೇನು?"

ಇರಲಿಲ್ಲ. ಗಾಯದ ಗೆರೆ ಇರುವುದು ಬಸವರಾಜನಿಗೆ, ಚಿಕ್ಕವನಿದ್ದಾಗ ಚಿಣ್ಣಿ-ದಾಂಡು ಆಡುವಾಗ ಬಡಿದು ಆದದ್ದು. ತಂಗಿಯ ಪಕ್ಕ ನಿಂತಿದ್ದ ಅಣ್ಣನ ಕಣ್ಣನ್ನೇ, ಹುಬ್ಬು ಸಮೇತ, ಕತ್ತರಿಸಿ ತಂಗಿಗೆ ಅಂಟಿಸಿದ್ದರು!

ನಾನು ಟ್ರಂಕು ತೆಗೆದೆ. ಅಪಶಕುನ ಅಂದಿದ್ದರಲ್ಲ, ಅದಕ್ಕೆ ಮೂಲ ಫೋಟೋವನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದೆ. ಪಲ್ಲವಿ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. "ಇಕಿ ನನ್ನಂಗ ನಗ್ತಾಳಲ್ಲ ಅಜ್ಜಿ," ಅಂದಳು. ಇಬ್ಬರೂ ಕೂತು ಹೊಟ್ಟೆ ತುಂಬ ಅತ್ತೆವು.

ಪ್ರದರ್ಶನದಲ್ಲಿ ಆ ಖಾಲಿ ಜಾಗಗಳ ಫೋಟೋಗಳ ನಡುವೆ ಅವಳು ಹಾಕಿದ್ದು ಅದೇ ನಗುವ ಗಿರಿಜಾಳನ್ನು. ನೋಡಲು ಬಂದ ಬಸವರಾಜನ ಮುಖ ಕಪ್ಪಿಟ್ಟಿತು.

"ತಗಿ ಅದನ್ನ! ಹೆಣದ ಫೋಟೋ ಹಾಕ್ಯಾರ ಅಂತಾರ ಮಂದಿ."

"ನಗೂ ಹೆಣ ಎಲ್ಲಿ ನೋಡೀಪಾ ನೀ?" ಅಂದೆ.

"ಅವ್ವಾ, ನಿನಗ ಇದೆಲ್ಲಾ ತಿಳಿಯೂದಿಲ್ಲ."

"ನನ್ನ ಮಗಳ ಕಣ್ಣು ನನಗ ತಿಳೀತಾವು. ಹದಿನಾಲ್ಕು ವರ್ಷ ನಿನ್ನ ಕಣ್ಣಿಗೆ ದೀಪಾ ಹಚ್ಚೇನಿ. ಸಾಕಿನ್ನ. ನಿನ್ನ ಕಣ್ಣು ನೀ ತಗೊಂಡು ಹೋಗು!"

ಸುತ್ತ ನಿಂತವರು ನಕ್ಕರು. ಪಲ್ಲವಿ ಮಾತ್ರ ಮಾವನಿಗೆ ಹೆದರಿ ಫೋಟೋ ಇಳಿಸಲು ಕೈ ಎತ್ತಿದ್ದಳು. ನಾನು ಕುರ್ಚಿ ಎಳೆದು ಅದರ ಕೆಳಗೇ ಕೂತುಬಿಟ್ಟೆ. ಫೋಟೋ ಇಳಿಸುವವರು ಮೊದಲು ನನ್ನನ್ನು ಎತ್ತಲಿ! ಹಾಲ್ ಬಾಗಿಲು ಹಾಕುವ ತನಕ ಏಳಲಿಲ್ಲ. ಯಾರು ಎತ್ತುತ್ತಾರೆ, ಹೇಳಿ?

ಮನೆಗೆ ಬಂದವಳೇ ಗೋಡೆಯ ಫೋಟೋ ಇಳಿಸಿದೆ. ಪಲ್ಲವಿ ಇನ್ನೊಂದು ಪ್ರಿಂಟ್ ಮಾಡಿಸಿದ್ದಳು. ಅದನ್ನು ತೂಗುಹಾಕಿದೆ. ಸೊಸೆ ರೊಟ್ಟಿ, ಪುಂಡಿಪಲ್ಯ, ಮೇಲೆ ಹೋಳಿಗೆ ಮಾಡಿದ್ದಳು. ಎಲ್ಲರೂ ಅದರ ಕೆಳಗೇ ಉಣ್ಣಲು ಕೂತೆವು. ಬಸವರಾಜ ತಲೆ ಎತ್ತದೆ ಉಣ್ಣುತ್ತಿದ್ದ. ಒಮ್ಮೆಲೇ ಅಂದ,

"ನಾನಽ ನಗಿಸಿದ್ದೆ ಆಕಿನ್ನ."

ಎಲ್ಲರ ಕೈ ನಿಂತವು.

"ಫೋಟೋದಾಂವ ನೆಟ್ಟಗ ನಿಂದರ್ರಿ, ನೆಟ್ಟಗ ನಿಂದರ್ರಿ ಅಂತಿದ್ದ. ತನ್ನ ಅಂಗಿ ಗುಂಡಿ ಸೊಟ್ಟ ಹಾಕ್ಕೊಂಡಾನ ನೋಡು ಅಂದೆ ಗಿರಿಜಾಗ. ಇದ್ದದ್ದೊಂದು ಫೋಟೋ, ನನ್ನಿಂದ ಕೆಟ್ಟಿತು ಅಂತ..."



"ಇದನ್ನ ಮದಲಽ ಹೇಳಿದ್ರ ಏನಾಗ್ತಿತ್ತೋ ಮೂಳಾ!" ಎಂದು ಬೈದು, ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದೆ. ಪಲ್ಲವಿ ಸರಿದು ಮಾವನಿಗೆ ಒತ್ತಿಕೊಂಡು ಕೂತಳು. ಕಡೆಗೆ ಅವನು ತಲೆ ಎತ್ತಿ ತಂಗಿಯನ್ನು ನೋಡಿದ.

ಅಲ್ಲರೀ, ಗೋಡೆ ಮೇಲಿನವರು ನಗಬಾರದು ಅಂತ ರೂಲ್ಸ್ ಮಾಡಿದ್ದು ಯಾರು?