ಮೂರನೆಯ ಬೆಂಚಿನ ಸಮಾಧಾನ

ನಾನು ನಿಂತಿದ್ದದ್ದು ಕುರುಬರಹಳ್ಳಿಯ ನಮ್ಮ ಕ್ರೈಸ್ತ ದೇವಾಲಯದೊಳಗೆ, ಎಡಗೋಡೆಯ ಎರಡನೆಯ ಕಿಟಕಿಯ ಪಕ್ಕ. ಹೋದ ವರ್ಷ ಮೇ ತಿಂಗಳ ಮೊದಲ ಭಾನುವಾರ. ಬೆಳಿಗ್ಗೆ ಒಂಬತ್ತೂವರೆಗೆ ಐದು ನಿಮಿಷ ಇತ್ತು. ಸೊಂಟ ಹಿಡಿದುಕೊಂಡಿದ್ದರಿಂದ ಕೂರಲಾಗಲಿಲ್ಲ. ಕೂತಿದ್ದರೆ ಇದು ನಡೆಯುತ್ತಿರಲಿಲ್ಲ.

ಮೂರನೆಯ ಬೆಂಚಿನಲ್ಲಿ ನನ್ನ ಜಾಗ ಇಬ್ಬರು ಹಿರಿಯರ ನಡುವೆ. ಇಬ್ಬರೂ ರಾಜಾಜಿನಗರದ ಒಂದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು, ಒಂದೇ ಡಬ್ಬಿ ಹಂಚಿಕೊಂಡು ಉಂಡವರು. ನಾಲ್ಕು ವರ್ಷದ ಹಿಂದೆ ಇಬ್ಬರಲ್ಲಿ ವಯಸ್ಸಿನಲ್ಲಿ ದೊಡ್ಡವರ ಹೆಂಡತಿ ತೀರಿಕೊಂಡಾಗ ಚಿಕ್ಕವರು ಮಣ್ಣಿಗೆ ಬರಲಿಲ್ಲ. ಮಹಾಲಕ್ಷ್ಮಿ ಲೇಔಟ್‌ನಲ್ಲಿ ಯಾರದೋ ಹೊಸ ಮನೆಯ ಪ್ರಾರ್ಥನೆಗೆ ಹೋಗಿ ಬಿರಿಯಾನಿ ಉಂಡು ಬಂದರು. ಅಂದಿನಿಂದ ಮಾತಿಲ್ಲ. ಆದರೆ ಬೆಂಚನ್ನು ಇಬ್ಬರೂ ಬಿಟ್ಟುಕೊಡಲಿಲ್ಲ. ಹಾಗಾಗಿ ಮಧ್ಯೆ ನಾನು.

ನಮ್ಮಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಮೊದಲು ಸಮಾಧಾನ ಹಂಚುತ್ತಾರೆ. ಸಭಾಪಾಲಕರಾದ ಅಯ್ಯನವರು ಪೀಠದಿಂದ ಇಳಿದು ಪ್ರತಿ ಬೆಂಚಿನ ಮೊದಲನೆಯವರ ಕೈಯನ್ನು ತಮ್ಮ ಅಂಗೈಗಳ ನಡುವೆ ಹಿಡಿಯುತ್ತಾರೆ. ಆ ಮೊದಲನೆಯವರು ಪಕ್ಕದವರ ಕೈ ಹಿಡಿಯಬೇಕು, ಹೀಗೆ ಕೊನೆಯವರೆಗೆ. ನಾಲ್ಕು ವರ್ಷ ನಾನು ದೊಡ್ಡವರಿಂದ ತೆಗೆದುಕೊಂಡದ್ದನ್ನು ಚಿಕ್ಕವರಿಗೆ ದಾಟಿಸಿದೆ. ಯಾರೂ ಆಕ್ಷೇಪಿಸಲಿಲ್ಲ. ದೊಡ್ಡವರು ಮಾತ್ರ, ಕ್ಷಮಿಸದೆ ರೊಟ್ಟಿ ಮುಟ್ಟಬಾರದೆಂದು, ನಾಲ್ಕು ವರ್ಷವೂ ಭೋಜನಕ್ಕೆ ಏಳದೆ ಕೂತೇ ಇದ್ದರು.

ಆ ಭಾನುವಾರ ಕಳೆದ ಮಂಗಳವಾರಕ್ಕೆ ಅವರಿಗೆ ಹೃದಯದ ಆಪರೇಷನ್. ರೊಟ್ಟಿ ತೆಗೆದುಕೊಳ್ಳದೆ ಹೋಗಲು ಹೆದರಿಕೆಯಾಗುತ್ತಿದೆ ಎಂದು ಗೇಟಿನ ಬಳಿ ನನಗೆ ಹೇಳಿದ್ದರು. “ಕ್ಷಮ್ಸೋಕಾಗ್ತಿಲ್ಲ ಕಣಪ್ಪ, ಏನ್ಮಾಡ್ಲಿ?” ಎಂದೂ ಕೇಳಿದ್ದರು.

ದೊಡ್ಡವರ ಕೈಗೆ ಸಮಾಧಾನ ಬಂತು. ಪಕ್ಕದ ನನ್ನ ಜಾಗ ಖಾಲಿ. ಅವರು ನನ್ನ ಕಡೆ ನೋಡಿದರು. ಐದು ಹೆಜ್ಜೆ ಅಷ್ಟೇ, ನಾನು ಹೋಗಬಹುದಿತ್ತು. ಹೋಗಲಿಲ್ಲ. ಬೇಕೆಂದೇ ಅಲ್ಲ, ಸೊಂಟ.

“ಕೊಡಣ್ಣ ಬೇಗ, ಕೊನೇಲಿ ಮೇಷ್ಟ್ರು ಕಾಯ್ತಾವ್ರೆ” ಎಂದರು ಚಿಕ್ಕವರು.

ದೊಡ್ಡವರು ಕದಲಲಿಲ್ಲ. “ಅವತ್ತು ನೀನ್ ಬರ್ಬೇಕಾಗಿತ್ತು ಕಣೋ.”

“ಗೊತ್ತಣ್ಣ.”

“ಬಿರಿಯಾನಿ ತಿಂದೆ.”

“ತಿಂದೆ. ಅತ್ತಿಗೆ ಕೈಯಲ್ಲಿ ಎಷ್ಟ್ ಉಂಡಿದೀನಿ. ಮಣ್ಣ್ ಹಾಕೋದು ನೋಡೋಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತಣ್ಣ.”

ಕೀಬೋರ್ಡ್ ನುಡಿಸುವ ಹುಡುಗಿ ಅದೇ ಸಾಲನ್ನು ಮೂರನೆಯ ಸಲ ನುಡಿಸಿದಳು. ದೊಡ್ಡವರು ಒಂದು ಹೆಜ್ಜೆ ಸರಿದು ಚಿಕ್ಕವರ ಕೈ ಹಿಡಿದರು.

“ಸಿಟ್ಟೇನೂ ಹೋಗಿಲ್ಲ.”

“ಇರ್ಲಿ ಬಿಡಣ್ಣ.”

“ಆದ್ರೂ ತಗೋ.”

ಆಮೇಲೆ ದೊಡ್ಡವರು ಪೀಠದ ಮುಂದೆ ಹೋಗಿ ಮೊಣಕಾಲೂರಿದರು. ಅಯ್ಯನವರು ಅವರ ಅಂಗೈಯಲ್ಲಿ ರೊಟ್ಟಿಯ ತುಂಡು ಇಟ್ಟದ್ದನ್ನು ಕಂಡೆ. ಏಳಲು ಆಗದಾಗ ಚಿಕ್ಕವರು ತೋಳು ಹಿಡಿದರು.

ಅಯ್ಯನವರು ಡಿಸೆಂಬರಿನಲ್ಲಿ ತೀರಿಕೊಂಡರು. ಇದನ್ನು ಹತ್ತಿರದಿಂದ ಕಂಡವರಲ್ಲಿ ಈಗ ಉಳಿದಿರುವವರು ನಾನು, ಕೀಬೋರ್ಡ್ ಹುಡುಗಿ, ದೀಪಾಂಜಲಿ ನಗರದಲ್ಲಿರುವ ಮೇಷ್ಟ್ರು. ದೊಡ್ಡವರು ಅತ್ತರು ಎನ್ನುತ್ತಾರೆ ಮೇಷ್ಟ್ರು. ನಾನು ನಿಂತಲ್ಲಿಂದ ಕಣ್ಣೀರು ಕಾಣಲಿಲ್ಲ. ಚಿಕ್ಕವರೂ ಇದ್ದಾರೆ. ಆಪರೇಷನ್ ಆದ ದೊಡ್ಡವರೂ ಇದ್ದಾರೆ.