ಕಾಗಿನೆಲೆಯ ಡಬ್ಬಿಗಳು

ಕಾಗಿನೆಲೆಯ ಮಣ್ಣಿಗೆ ನೀರು ಹಾಕಿದವನು ನಾನೇ, ವಿಮಲಾ. ಧೈರ್ಯ ಬಂತೆಂದು ಹೇಳುತ್ತಿಲ್ಲ — ಇಷ್ಟು ವರ್ಷ ಹೊತ್ತು ಹೊತ್ತು ಸಾಕಾಗಿ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಉಪಗ್ರಹದ ಚಿತ್ರ ನೋಡಿ ಹೊಲದ ಮಣ್ಣಿನಲ್ಲಿ ತೇವ ಎಷ್ಟಿದೆಯೆಂದು ಅಂದಾಜು ಮಾಡುವುದು ನಿಮ್ಮ ಸಂಶೋಧನೆ. ಉಪಗ್ರಹ ನಮ್ಮ ಮೇಲೆ ಹಾದುಹೋಗುವ ಬೆಳಿಗ್ಗೆಯೇ ಮಣ್ಣು ಅಗೆದು, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಹಾವೇರಿಯ ಕಚೇರಿಗೆ ತಂದು ತೂಗುವುದು ನನ್ನ ಕೆಲಸ. ಕಾಯಿಸಿ ಒಣಗಿಸಿ ಮತ್ತೆ ತೂಗಿದರೆ, ಕಡಿಮೆಯಾದದ್ದೇ ತೇವ. ನಿಮ್ಮ ಚಿತ್ರಕ್ಕೆ ನನ್ನ ಡಬ್ಬಿಗಳೇ ಸಾಕ್ಷಿ.

ಆ ದಿನ ಕಾಗಿನೆಲೆಯಿಂದ ಬರುತ್ತ ಬ್ಯಾಡಗಿಯಲ್ಲಿ ಸೋದರತ್ತೆಯ ಮನೆಗೆ ಊಟಕ್ಕೆ ಇಳಿದೆ. ಉಂಡು ಒಂದು ನಿದ್ದೆಯೂ ಆಯಿತು. ಎದ್ದು ನೋಡಿದರೆ, ಅಂಗಳದಲ್ಲಿ ಹರವಿದ ಮೆಣಸಿನಕಾಯಿಯ ಪಕ್ಕ ಡಬ್ಬಿಗಳೆಲ್ಲ ಬಾಯಿ ತೆರೆದುಕೊಂಡು ಬಿಸಿಲಿಗೆ ಕೂತಿದ್ದವು.

"ಒಳಗ ಚೂರು ಹಸಿ ಇತ್ತಪಾ. ಬೂಸರ ಬರ್ತೈತಿ ಅಂತ ಒಣಾ ಹಾಕೀನಿ," ಎಂದರು ಅತ್ತೆ. ಬ್ಯಾಡಗಿಯವರು ಅವರು, ಹಸಿ ಕಂಡರೆ ಬಿಸಿಲಿಗೆ ಹಾಕುವವರು. ಅವರ ತಪ್ಪೇನೂ ಇಲ್ಲ.

ನಾನು ಮಣ್ಣು ಕೆಟ್ಟಿತು ಎಂದು ಹೇಳಬೇಕಿತ್ತು — ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ಹೆದರಿಕೆಯೋ, ಸೋಮಾರಿತನವೋ... ಕುಡಿಯುವ ತಂಬಿಗೆಯಿಂದ ಕಣ್ಣಂದಾಜಿಗೆ ನೀರು ಚಿಮುಕಿಸಿ ಮುಚ್ಚಳ ಬಿಗಿದೆ.

ಕಾಗಿನೆಲೆಯಲ್ಲಿ ತೇವ ಕಡಿಮೆ ಎಂದಿತು ನಿಮ್ಮ ಚಿತ್ರ. ಆಗಷ್ಟೇ ನೀರು ಹಾಯಿಸಿದ ಹೊಲ ಎಂದವು ನನ್ನ ಡಬ್ಬಿಗಳು. ನೀವು ಒಬ್ಬರೇ ನನ್ನ ಮೇಜಿನ ಹತ್ತಿರ ಬಂದಿರಿ.

"ಖರೇ ಹೇಳ್ರಿ, ಅಲ್ಲಿ ಮಣ್ಣು ಅಷ್ಟು ಹಸಿ ಇತ್ತೇನ್ರಿ?"

"ಇತ್ರಿ," ಎಂದೆ.

ನೀವು ನಂಬಿದಿರಿ. ಬೈದಿದ್ದರೆ, ಅನುಮಾನಪಟ್ಟಿದ್ದರೆ — ಇಲ್ಲ, ನಂಬಿಬಿಟ್ಟಿರಿ. "ಚಿತ್ರ ಸುಳ್ಳು ಹೇಳಬಹುದು, ಮಣ್ಣು ಹೇಳೂದಿಲ್ಲ," ಎಂದು ನಮ್ಮ ಕಚೇರಿಯ ಸಾಹೇಬರು ನಿಮ್ಮ ಕೆಲಸ ನಿಲ್ಲಿಸಿದರು. ನೀವು ಪ್ರಬಂಧ ಅರ್ಧಕ್ಕೆ ಬಿಟ್ಟು ರಾಣೇಬೆನ್ನೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸಲು ಹೋದಿರಿ. ನಾನು ಅದೇ ಕಚೇರಿಯಲ್ಲಿ ನಿವೃತ್ತನಾದೆ. ಹಾರ ಹಾಕಿಸಿಕೊಂಡೆ.

ಮೊನ್ನೆ ರಾಣೇಬೆನ್ನೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದಿರಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಗುತ್ತಲೇ ಅಂದಿರಿ, "ಆ ಲೆಕ್ಕದಾಗ ನನ್ನ ಕಡೆ ಎಲ್ಲಿ ತಪ್ಪಾತು ಅಂತ ಇನ್ನೂ ಹುಡುಕಾಕತ್ತೇನ್ರಿ."

ಆಗಲೇ ಹೇಳಬಹುದಿತ್ತು. ಬಸ್ ಬಂತು, ಹತ್ತಿಬಿಟ್ಟೆ. ಎರಡನೆಯ ಸಲವೂ ತಪ್ಪಿಸಿಕೊಂಡೆ.

ನಾಳೆ ನಿಮ್ಮ ಮನೆಗೆ ಬಂದು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಬಾಗಿಲು ಹಾಕಿಕೊಂಡರೂ ಸರಿ. ನೀವು ಮಾತ್ರ ಇನ್ನು ಹುಡುಕಬೇಡಿ, ವಿಮಲಾ. ನಿಮ್ಮ ಲೆಕ್ಕ ಸರಿಯಿತ್ತು.